ಆರರಲ್ಲೊಂದು ಪಾಲು

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಒಂದು ಕಾನೂನಿದೆ. ಪ್ರತಿವರ್ಷ ನವೆಂಬರಿನಲ್ಲಿ, ಮುಂದಿನ ವರ್ಷ ನೀವು ಕಟ್ಟಬೇಕಾಗಬಹುದಾದ ಆಸ್ತಿ ತೆರಿಗೆ ಇಷ್ಟು ಎಂಬ ನೋಟಿಸು ಮನೆಮನೆಗೆ ಬರಬೇಕು. ಆಮೇಲೆ ನಗರದ ಆಡಳಿತ ಒಂದು ಬಹಿರಂಗ ಸಭೆ ಕರೆಯಬೇಕು. ಕೆಲಸಕ್ಕೆ ಹೋಗುವವರಿಗೂ ಅನುಕೂಲವಾಗಲೆಂದು ಸಂಜೆ ಆರರ ನಂತರವೇ ಕರೆಯಬೇಕು, ಬಂದವರಿಗೆ ಮಾತಾಡಲು ಬಿಡಬೇಕು. ಹಣ ಕೇಳುವ ಮೊದಲು ಕೊಡುವವನ ಮಾತು ಕೇಳುವುದು ಎಷ್ಟು ಸರಳವಾದ ಸೌಜನ್ಯ! ಎಷ್ಟು ಊರುಗಳಲ್ಲಿ ಅದಿಲ್ಲ ಎಂದು ನೆನೆದರೆ ಸೋಜಿಗವಾಗುತ್ತದೆ.

2020ರ ಡಿಸೆಂಬರಿನಲ್ಲಿ ಆ ರಾಜ್ಯದ ಮಿನಿಯಾಪೊಲಿಸ್ ನಗರದ ಕೌನ್ಸಿಲ್ ಹೀಗೆಯೇ ಮಾತು ಕೇಳುತ್ತ ಕೂತಿತ್ತು. ಕೊರೊನಾ ಕಾಲ. ಸದಸ್ಯರು ತಂತಮ್ಮ ಮನೆಯಲ್ಲಿ, ಪರದೆಯ ಮುಂದೆ. ಊರಿನವರು ಫೋನಿನ ಆ ಕಡೆ. ನೂರಾರು ಜನ ಹೆಸರು ಕೊಟ್ಟಿದ್ದರು. ಒಬ್ಬರ ಸಮಯ ಮುಗಿದರೆ ಇನ್ನೊಬ್ಬರು, ಗಂಟೆಗಟ್ಟಲೆ. ಮುಂದಿದ್ದ ಬಜೆಟ್ಟಿನ ಗಾತ್ರ ಸುಮಾರು 150 ಕೋಟಿ ಡಾಲರ್. ರಸ್ತೆ, ನೀರು, ಚರಂಡಿ, ಹಿಮ ಎತ್ತುವುದು, ಬಡವರ ಮನೆ, ಎಲ್ಲವೂ ಅದರಲ್ಲಿತ್ತು. ಆದರೆ ಎಲ್ಲರ ನಾಲಿಗೆಯ ಮೇಲಿದ್ದದ್ದು ಒಂದೇ ಸಾಲು: ಪೊಲೀಸ್ ಇಲಾಖೆಗೆಂದು ಮೇಯರ್ ಜೇಕಬ್ ಫ್ರೇ ಕೇಳಿದ್ದ 17.9 ಕೋಟಿ. ಅಷ್ಟು ಕೊಡಬೇಡಿ ಎಂದವರಿದ್ದರು, ಒಂದು ಡಾಲರೂ ಕಡಿಯಬೇಡಿ ಎಂದವರೂ ಇದ್ದರು.

ಕಾರಣ ಎಲ್ಲರಿಗೂ ಗೊತ್ತಿರುವುದೇ. ಅದೇ ವರ್ಷ ಮೇ 25ರಂದು ಆ ನಗರದ 38ನೇ ಬೀದಿ ಮತ್ತು ಚಿಕಾಗೊ ಅವೆನ್ಯೂ ಕೂಡುವಲ್ಲಿ ಡೆರೆಕ್ ಶಾವಿನ್ ಎಂಬ ಪೊಲೀಸ್ ಅಧಿಕಾರಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನ ಕುತ್ತಿಗೆಯ ಮೇಲೆ ಒಂಬತ್ತು ನಿಮಿಷ ಮೀರಿ ಮೊಣಕಾಲೂರಿದ್ದ. ಇಪ್ಪತ್ತು ಡಾಲರಿನ ಒಂದು ನೋಟು ಖೋಟಾ ಇರಬಹುದೆಂದು ಅಂಗಡಿಯಿಂದ ಹೋದ ಕರೆಯಿಂದ ಅದು ಶುರುವಾಗಿತ್ತು. ಜೂನ್ 7ರಂದು ಪೌಡರ್‌ಹಾರ್ನ್ ಪಾರ್ಕಿನಲ್ಲಿ ವೇದಿಕೆ ಹತ್ತಿದ ಒಂಬತ್ತು ಮಂದಿ ಕೌನ್ಸಿಲ್ ಸದಸ್ಯರು ಈ ಪೊಲೀಸ್ ಇಲಾಖೆಯನ್ನೇ ಕಳಚುತ್ತೇವೆ ಎಂದು ಸಾವಿರಾರು ಜನರೆದುರು ಮಾತು ಕೊಟ್ಟರು. ಹದಿಮೂರು ಮಂದಿಯ ಕೌನ್ಸಿಲ್ಲಿನಲ್ಲಿ ಒಂಬತ್ತೆಂದರೆ ಮೇಯರ್ ತಡೆದರೂ ಮೀರಿ ನಡೆಯಬಲ್ಲ ಬಹುಮತ.

ಆರು ತಿಂಗಳ ನಂತರ, ಆ ಡಿಸೆಂಬರಿನಲ್ಲಿ, ಅವರು ಪೊಲೀಸರಿಂದ ತೆಗೆದು ಬೇರೆ ಕೆಲಸಕ್ಕೆ ಹಚ್ಚಿದ್ದು ಸುಮಾರು 80 ಲಕ್ಷ ಡಾಲರ್. ಹಿಂಸೆ ತಡೆಯುವ ಕಾರ್ಯಕ್ರಮ, ಮಾನಸಿಕ ತೊಂದರೆಯಲ್ಲಿರುವವರ ಬಳಿ ಪೊಲೀಸರ ಬದಲು ಹೋಗುವ ತಂಡ, ಇಂಥವು. ನೂರಕ್ಕೆ ನಾಲ್ಕೂವರೆ. ಇಲಾಖೆಯ ಮಂಜೂರಾದ ಬಲವನ್ನು ಮುಂದೆ 888ರಿಂದ 750ಕ್ಕೆ ಇಳಿಸಬೇಕೆಂದೂ ಇತ್ತು. ಮೇಯರ್ ವೀಟೊ ಮಾತೆತ್ತಿದಾಗ ಏಳು–ಆರು ಮತಗಳಲ್ಲಿ ಅದು ಬಿದ್ದುಹೋಯಿತು.

ಇಷ್ಟಕ್ಕೆ ಇದೊಂದು ರಾಜಕೀಯ ವರದಿ: ದೊಡ್ಡ ಮಾತು, ಸಣ್ಣ ಕೆಲಸ. ನನ್ನನ್ನು ಹಿಡಿದು ನಿಲ್ಲಿಸುವುದು ಅದಲ್ಲ. ಆ ಫೋನು. ರಾತ್ರಿ ಊಟ ಬಿಟ್ಟು ತನ್ನ ಸರದಿಗೆ ಕಾದು, ಸಿಕ್ಕ ಒಂದೆರಡು ನಿಮಿಷದಲ್ಲಿ, ಮುಖ ಕಾಣದ ಹದಿಮೂರು ಮಂದಿಗೆ 'ನನ್ನ ಹಣವನ್ನು ಇದಕ್ಕೆ ಬಳಸಬೇಡಿ' ಎನ್ನುವ ಆ ಮನುಷ್ಯ ನಿಜವಾಗಿ ಏನು ಹೇಳುತ್ತಿದ್ದಾನೆ?

ಲೆಕ್ಕದವರನ್ನು ಕೇಳಿದರೆ ಅವನು ಹೇಳುತ್ತಿರುವುದಕ್ಕೆ ಅರ್ಥವೇ ಇಲ್ಲ. ತೆರಿಗೆಯ ಡಾಲರಿಗೆ ಗುರುತಿರುವುದಿಲ್ಲ. ಖಜಾನೆಗೆ ಬಿದ್ದಮೇಲೆ ನಿನ್ನದು ಹಿಮ ಎತ್ತಿತೋ ಬಂದೂಕು ಕೊಂಡಿತೋ ಹೇಳಬಲ್ಲವರು ಯಾರೂ ಇಲ್ಲ. ಜೊತೆಗೆ, ಎಷ್ಟು ಎಂಬುದರಲ್ಲೇ ಜಗಳ. ಒಟ್ಟು ಬಜೆಟ್ಟಿಗೆ ಹೋಲಿಸಿದರೆ ಆ 17.9 ಕೋಟಿ ನೂರಕ್ಕೆ ಹನ್ನೆರಡು. ಆದರೆ ಒಟ್ಟು ಬಜೆಟ್ಟಿನಲ್ಲಿ ನೀರಿನ ಬಿಲ್ಲಿನಿಂದ ಬಂದು ನೀರಿಗೇ ಹೋಗಬೇಕಾದ ಹಣವೂ ಸೇರಿರುತ್ತದೆ. ಕೌನ್ಸಿಲ್ ತನ್ನ ಇಷ್ಟದಂತೆ ಖರ್ಚು ಮಾಡಬಹುದಾದ ಸಾಮಾನ್ಯ ನಿಧಿಗೆ ಹೋಲಿಸಿದರೆ ಪೊಲೀಸರ ಪಾಲು ಮೂರನೇ ಒಂದರ ಆಸುಪಾಸು. ವಿರೋಧಿಸುವವರು ಎರಡನೆಯ ಲೆಕ್ಕ ಹಿಡಿಯುತ್ತಾರೆ, ಸಮರ್ಥಿಸುವವರು ಮೊದಲನೆಯದು. ಎರಡೂ ಸುಳ್ಳಲ್ಲ. ಸುಳ್ಳಲ್ಲದ ಎರಡು ಲೆಕ್ಕಗಳ ನಡುವೆ ನಿಂತು ವಾದಿಸುವವರು ವಾದಿಸುತ್ತಿರುವುದು ಲೆಕ್ಕವನ್ನಂತೂ ಅಲ್ಲ.

ಗುರುತಿಲ್ಲದ ಹಣಕ್ಕೆ ಗುರುತು ಹಚ್ಚಲು ಹೊರಟವರು ಅಮೆರಿಕದಲ್ಲಿ ಹಿಂದೆಯೂ ಇದ್ದರು. 1846ರ ಬೇಸಿಗೆಯಲ್ಲಿ ಹೆನ್ರಿ ಡೇವಿಡ್ ಥೋರೊ ತಲೆಗಂದಾಯ ಕಟ್ಟದೆ ಕಾಂಕರ್ಡ್ ಊರಿನ ಜೈಲಿನಲ್ಲಿ ಒಂದು ರಾತ್ರಿ ಕಳೆದ. ಗುಲಾಮಗಿರಿಯನ್ನು ಪೊರೆಯುವ, ಮೆಕ್ಸಿಕೊ ಮೇಲೆ ಯುದ್ಧ ಮಾಡುವ ಸರ್ಕಾರಕ್ಕೆ ತಾನು ಕಾಸು ಕೊಡುವುದಿಲ್ಲ ಎಂಬುದು ಅವನ ಹಟ. ಆದರೆ ರಸ್ತೆ ತೆರಿಗೆಯನ್ನು ಅವನು ಯಾವತ್ತೂ ತಪ್ಪಿಸಲಿಲ್ಲ. ಬೇರೆ ಯಾರೋ ಅವನ ಬಾಕಿ ಕಟ್ಟಿದರು, ಮರುದಿನ ಬಿಡುಗಡೆಯಾಯಿತು. ಥೋರೊನನ್ನು ಗಾಂಧಿ ಓದಿದ್ದು, ಅಂಕೋಲೆ ಸಿದ್ದಾಪುರಗಳ ರೈತರು ಕರನಿರಾಕರಣೆ ಮಾಡಿ ಹೊಲ ಮನೆ ಕಳೆದುಕೊಂಡದ್ದು ನಮಗೆ ತಿಳಿದ ಕಥೆ. ಅಂಕೋಲೆಯವರದ್ದು ಪರರ ಸರ್ಕಾರ. ಪೂರ್ತಿ ನಿರಾಕರಿಸುವುದು ಅಲ್ಲಿ ಸಾಧ್ಯವಿತ್ತು. ಮಿನಿಯಾಪೊಲಿಸ್‌ನ ನಿವಾಸಿ ಹಾಗೆ ಮಾಡಲಾರ. ಕೌನ್ಸಿಲ್ ಅವನೇ ಆರಿಸಿದ್ದು, ಪೊಲೀಸರೂ ಅವನವರೇ. ತೆರಿಗೆ ಕಟ್ಟುತ್ತಲೇ ಬೇಡವೆನ್ನಬೇಕು. ಇದು ಥೋರೊನಿಗಿಂತ ಇಕ್ಕಟ್ಟಿನ ಜಾಗ.

ಇಲ್ಲಿ ನನಗೆ ನಮ್ಮ ಮನೆಗಳಲ್ಲಿ ಹೇಳುವ ಒಂದು ಕಥೆ ಅಡ್ಡ ಬರುತ್ತದೆ. ದಾರಿ ಕಾದು ದೋಚುತ್ತಿದ್ದವನ ಕಥೆ. ಅದನ್ನು ಯಾವ ಮಹಾಕವಿಯ ಹೆಸರಿಗೆ ಅಂಟಿಸಬಹುದು, ಅಂಟಿಸಬಾರದು ಎಂಬ ಜಗಳ ನಮ್ಮಲ್ಲಿ ಇದೆ. ಆ ಜಗಳದಲ್ಲಿ ಬೇಡ ಎನ್ನುವವರ ಕಡೆ ನ್ಯಾಯವಿದೆ ಎಂದು ನನ್ನ ಎಣಿಕೆ. ಆದ್ದರಿಂದ ಹೆಸರಿಲ್ಲದೆ ಹೇಳುತ್ತೇನೆ. ದಾರಿಹೋಕ ಸನ್ಯಾಸಿ ಅವನನ್ನು ಕೇಳುತ್ತಾನೆ: ನೀನು ತಂದದ್ದನ್ನು ಉಣ್ಣುವವರು ನಿನ್ನ ಪಾಪದಲ್ಲೂ ಪಾಲು ತೆಗೆದುಕೊಳ್ಳುತ್ತಾರೆಯೇ, ಕೇಳಿಕೊಂಡು ಬಾ. ಅವನು ಮನೆಗೆ ಹೋಗಿ ಹೆಂಡತಿ, ಮಕ್ಕಳು, ಮುದಿ ತಂದೆತಾಯಿಯರನ್ನು ಕೇಳುತ್ತಾನೆ. ನಮ್ಮನ್ನು ಸಾಕುವುದು ನಿನ್ನ ಧರ್ಮ, ಹೇಗೆ ತರುತ್ತೀಯೋ ಅದು ನಿನ್ನ ಕರ್ಮ ಎಂದುಬಿಡುತ್ತಾರೆ. ಕಥೆ ಅಲ್ಲಿಂದ ಅವನ ಬೆನ್ನು ಹತ್ತಿ ಕಾಡಿಗೆ, ಹುತ್ತಕ್ಕೆ ಹೋಗುತ್ತದೆ. ಹಿಂದೆ ಉಳಿದ ಆ ಮನೆಯವರ ಬಗ್ಗೆ ಯಾರೂ ವಿಚಾರಿಸುವುದಿಲ್ಲ.

ಪೊಲೀಸರನ್ನು ಆ ದೋಚುವವನ ಜಾಗದಲ್ಲಿ ಕೂರಿಸುವುದು ನನ್ನ ಉದ್ದೇಶವಲ್ಲ, ಅದು ಅನ್ಯಾಯ. ನನಗೆ ಬೇಕಾಗಿರುವುದು ಆ ಮನೆ. ಅನ್ನದಲ್ಲಿ ಪಾಲು ಉಂಟು, ಪಾಪದಲ್ಲಿ ಇಲ್ಲ ಎಂಬ ಅವರ ಉತ್ತರ ತೆರಿಗೆ ಕಟ್ಟುವ ಬಹುತೇಕರ ಉತ್ತರವೇ ಆಗಿದೆ. ರಕ್ಷಣೆ ಬೇಕು, ರಕ್ಷಣೆ ಹೇಗೆ ನಡೆಯುತ್ತದೆಂದು ಕೇಳುವ ತಲೆನೋವು ಬೇಡ. ಆ ರಾತ್ರಿ ಫೋನ್ ಹಿಡಿದವನು ಆ ಮನೆಯಲ್ಲಿ ಬೇರೆ ಉತ್ತರ ಕೊಟ್ಟ ಒಬ್ಬ. ನನಗೂ ಪಾಲಿದೆ, ಆದ್ದರಿಂದ ನನ್ನನ್ನು ಕೇಳಿ ಎನ್ನುವವನು. ಹೊರಗಿನಿಂದ ನೋಡಿದರೆ ಅವನು ಕೈ ತೊಳೆದುಕೊಳ್ಳುತ್ತಿರುವಂತೆ ಕಾಣುತ್ತದೆ. ವಾಸ್ತವದಲ್ಲಿ ಅವನು ಕೈ ಮುಂದೆ ಚಾಚುತ್ತಿದ್ದಾನೆ.

ಹಳೆಯ ರಾಜಧರ್ಮಕ್ಕೆ ಈ ಪಾಲಿನ ಲೆಕ್ಕ ಚೆನ್ನಾಗಿ ಗೊತ್ತಿತ್ತು. ರಾಜ ಪ್ರಜೆಗಳ ಬೆಳೆಯಲ್ಲಿ ಆರನೆಯ ಒಂದು ಭಾಗ ತೆಗೆದುಕೊಳ್ಳುತ್ತಾನೆ. ಅದು ರಕ್ಷಣೆಯ ಕೂಲಿ. ಮನುಸ್ಮೃತಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ: ಚೆನ್ನಾಗಿ ರಕ್ಷಿಸಿದರೆ ಪ್ರಜೆಗಳ ಪುಣ್ಯದಲ್ಲೂ ಆರನೆಯ ಒಂದು ಭಾಗ ಅವನಿಗೆ, ರಕ್ಷಿಸದಿದ್ದರೆ ಅವರ ಪಾಪದಲ್ಲೂ ಅಷ್ಟೇ ಭಾಗ. ಮನುಸ್ಮೃತಿಯನ್ನು ಸುಟ್ಟವರ ಕಾರಣಗಳು ನನಗೆ ಗೊತ್ತು, ಒಪ್ಪಿಗೆಯೂ ಇದೆ. ಆದರೆ ಈ ಒಂದು ಜಾಗದಲ್ಲಿ ಅದು ಸರಿಯಾದ ಪ್ರಶ್ನೆಯನ್ನು ಮುಟ್ಟಿದೆ. ಧಾನ್ಯ ಹೋದ ದಾರಿಯಲ್ಲೇ ಪಾಪವೂ ಹೋಗುತ್ತದೆ, ತೆರಿಗೆ ತೆಗೆದುಕೊಂಡವನ ತಲೆಗೆ.

ಅಲ್ಲಿ ಮೇಲೊಬ್ಬ ರಾಜ ಇದ್ದ. ಪಾಪಕ್ಕೆ ವಿಳಾಸವಿತ್ತು. ಈಗ ರಾಜ ಇಲ್ಲ. ತೆರಿಗೆ ಕೊಡುವವನೂ ತೆಗೆದುಕೊಳ್ಳುವವನೂ ನಾವೇ ಎಂದು ಸಂವಿಧಾನಗಳನ್ನು ಬರೆದುಕೊಂಡಿದ್ದೇವೆ. ಹಾಗಾದರೆ ಆ ಆರನೆಯ ಭಾಗ ಮೇಲೆ ಹೋಗಿ ಯಾರನ್ನೂ ಕಾಣದೆ ಹಿಂದಿರುಗಿ ಬರಬೇಕು. ಬಂದು ಬೀಳುವುದು ಯಾರ ಮನೆಯ ಮುಂದೆ?

ಈಗ ಆ ಶ್ಲೋಕದ ಇನ್ನೊಂದು ಅರ್ಧಕ್ಕೆ ಬರಬೇಕು. ಅಲ್ಲಿ ಪಾಪ ಬರುವುದು ಹೊಡೆದದ್ದಕ್ಕಲ್ಲ, ರಕ್ಷಿಸದೆ ಇದ್ದದ್ದಕ್ಕೆ.

ಮಿನಿಯಾಪೊಲಿಸ್ ನಗರದ ಉತ್ತರ ಭಾಗದಲ್ಲಿ ಕಪ್ಪು ಜನ ಹೆಚ್ಚು, ಬಡತನ ಹೆಚ್ಚು, ಗುಂಡಿನ ಸದ್ದೂ ಹೆಚ್ಚು. 2020ರಲ್ಲಿ ಆ ನಗರದಲ್ಲಿ ಎಂಬತ್ತಕ್ಕೂ ಹೆಚ್ಚು ಕೊಲೆಗಳಾದವು. ಹಿಂದಿನ ವರ್ಷ ಐವತ್ತು ಮುಟ್ಟಿರಲಿಲ್ಲ. ಫ್ಲಾಯ್ಡ್ ಸಾವಿನ ನಂತರ ನೂರಾರು ಪೊಲೀಸರು ಮಾನಸಿಕ ಆಘಾತದ ಕಾರಣ ಕೊಟ್ಟು ರಜೆ ಹಾಕಿದರು, ಕೆಲಸ ಬಿಟ್ಟರು. ಆ ವರ್ಷ ಉತ್ತರ ಭಾಗದ ಎಂಟು ನಿವಾಸಿಗಳು ನಗರದ ಮೇಲೆ ಕೋರ್ಟಿಗೆ ಹೋದರು. ಅವರದ್ದೂ ಆಕ್ಷೇಪಣೆಯೇ, ಪೊಲೀಸರ ಹಣದ ಬಗ್ಗೆಯೇ. ದಿಕ್ಕು ಮಾತ್ರ ತಿರುಗುಮುರುಗು: ನಮಗೆ ಇರಬೇಕಾದಷ್ಟು ಪೊಲೀಸರಿಲ್ಲ, ಕೊಡಿಸಿ.

ಮೊಕದ್ದಮೆ ನಡೆಯುತ್ತಿದ್ದಾಗಲೇ, 2021ರ ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗಿನ ಕೆಲವೇ ವಾರಗಳಲ್ಲಿ, ಆ ಭಾಗದ ಮೂವರು ಮಕ್ಕಳಿಗೆ ಗುಂಡು ತಗುಲಿತು. ಒಬ್ಬಳು ಹುಟ್ಟುಹಬ್ಬದ ಮನೆಯಂಗಳದಲ್ಲಿ ಟ್ರಾಂಪೊಲಿನ್ ಮೇಲೆ ಕುಣಿಯುತ್ತಿದ್ದಳು. ಒಬ್ಬಳು ಕಾರಿನಲ್ಲಿ ಕೂತಿದ್ದಳು. ಇಬ್ಬರೂ ಹೆಣ್ಣುಮಕ್ಕಳು ಉಳಿಯಲಿಲ್ಲ. ಪೊಲೀಸರಿಗೆ ಹಣ ಬೇಡ ಎನ್ನುವ ಯಾವ ವಾದವೂ ಈ ಎರಡು ಮನೆಗಳ ಬಾಗಿಲಲ್ಲಿ ನಿಂತು ಹೇಳಬಲ್ಲಂಥದ್ದಾಗಿರಬೇಕು. ಹೇಳಲಾರದ್ದು ಎಂದು ನಾನು ಹೇಳುತ್ತಿಲ್ಲ. ಹೇಳಿದವರೂ ಇದ್ದರು, ಅದೇ ಬೀದಿಯವರು, ಕಪ್ಪು ಜನವೇ: ಇಷ್ಟು ಪೊಲೀಸರಿದ್ದೂ ಗುಂಡು ನಿಂತಿತೇ, ಆ ಹಣದಲ್ಲಿ ಹುಡುಗರ ಕೈಯಿಂದ ಬಂದೂಕು ಬಿಡಿಸುವ ಕೆಲಸ ಮಾಡಿ ಎಂದು. ಆದರೆ ದೂರದ, ಮರಗಳ ಸಾಲಿನ, ಸದ್ದಿಲ್ಲದ ಬೀದಿಯಿಂದ ಫೋನ್ ಮಾಡುವವನು ಈ ಬಾಗಿಲಿಗೆ ಮನಸ್ಸಿನಲ್ಲಾದರೂ ಒಮ್ಮೆ ಬಂದು ಹೋಗಬೇಕು.

ಅವನು ಒಂದು ಪಾಪದ ಪಾಲು ಹೊರುತ್ತೇನೆ ಎನ್ನುತ್ತಾನೆ: ರಕ್ಷಕ ಮಾಡಿದ ಕೊಲೆಯದ್ದು. ಉತ್ತರದ ಎಂಟು ಮಂದಿ ಇನ್ನೊಂದರ ಕಡೆ ಬೊಟ್ಟು ಮಾಡುತ್ತಾರೆ: ರಕ್ಷಕ ಬಾರದೆ ಆದ ಕೊಲೆಯದ್ದು. ಎರಡನ್ನೂ ಒಬ್ಬನೇ ಹೊರಲು ಸಾಧ್ಯವೇ? ಹೊರಬೇಕೆಂದೇ ಆ ಹಳೆಯ ಶ್ಲೋಕ ರಾಜನಿಗೆ ಹೇಳಿತ್ತಲ್ಲ. ಪ್ರಜೆಗಳು ಅದನ್ನು ಎರಡು ಗುಂಪಾಗಿ ಹಂಚಿಕೊಂಡಿದ್ದಾರೆ, ಒಂದು ಗುಂಪಿಗೆ ಇನ್ನೊಂದರ ಹೊರೆ ಕಾಣುವುದಿಲ್ಲ.

ಕೋರ್ಟಿನಲ್ಲಿ ಆ ಎಂಟು ಮಂದಿ ಹಿಡಿದದ್ದು ಒಂದು ಸಂಖ್ಯೆಯನ್ನು: 0.0017. ನಗರದ ಚಾರ್ಟರ್, ಅಂದರೆ ಅದರ ಮೂಲ ಶಾಸನ, ಜನಸಂಖ್ಯೆಯ ತಲೆಗೆ ಇಷ್ಟರಂತೆ ಪೊಲೀಸ್ ಸಿಬ್ಬಂದಿಗೆ ಹಣ ಒದಗಿಸಬೇಕೆಂದು ಹೇಳುತ್ತದೆ. ಸಾವಿರಕ್ಕೆ 1.7. ಇದನ್ನು ಸೇರಿಸಿದ್ದು 1961ರಲ್ಲಿ, ಜನರ ಮತದಿಂದ. 2020ರ ಜನಗಣತಿಯಂತೆ ನಗರದ ಜನ 4,29,954. ಗುಣಿಸಿದರೆ 731. ರಾಜ್ಯದ ಸುಪ್ರೀಂ ಕೋರ್ಟ್ 2022ರ ಜೂನಿನಲ್ಲಿ, ಕೌನ್ಸಿಲ್ ಹಣವನ್ನೇನೋ ಒದಗಿಸಿದೆ, ಆದರೆ 731 ಪೊಲೀಸರನ್ನು ನೇಮಿಸಿಕೊಳ್ಳುವ ಕರ್ತವ್ಯ ಮೇಯರ್ ಮೇಲಿದೆ ಎಂದು ಹೇಳಿತು.

ಈ ಸಂಖ್ಯೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು. 1961ರ ಮತದಾರರಿಗೆ ತಮ್ಮದೇ ಭಯಗಳಿದ್ದವು, ತಮ್ಮದೇ ಲೆಕ್ಕಾಚಾರ. ಅವರು ಅದನ್ನು ನಾಲ್ಕು ದಶಾಂಶ ಸ್ಥಾನಗಳಲ್ಲಿ ಬರೆದಿಟ್ಟು ಹೋದರು. ನಗರದ ಆರೋಗ್ಯ ಇಲಾಖೆಯಲ್ಲಿ ಸಾವಿರಕ್ಕೆ ಇಷ್ಟು ಜನ ಇರಲೇಬೇಕೆಂದು ಹಾಗೆ ಬರೆದಿಡಲಿಲ್ಲ. ಅರುವತ್ತು ವರ್ಷದ ಮೇಲೆ ಅವರ ಮೊಮ್ಮಕ್ಕಳು ಬಜೆಟ್ ಬದಲಿಸಲು ಹೊರಟಾಗ ಬಾಗಿಲಲ್ಲಿ ಅಡ್ಡ ನಿಂತಿದ್ದು ಬದುಕಿರುವ ಯಾರದೂ ಅಲ್ಲದ ಆ ಭಯ. ಚಾರ್ಟರನ್ನೇ ತಿದ್ದುವ ಪ್ರಶ್ನೆಯನ್ನು 2020ರ ನವೆಂಬರಿನಲ್ಲೇ ಜನರ ಮುಂದಿಡಲು ಕೌನ್ಸಿಲ್ ಪ್ರಯತ್ನಿಸಿತು. ನ್ಯಾಯಾಧೀಶರು ನೇಮಿಸುವ, ಚುನಾಯಿತವಲ್ಲದ ಚಾರ್ಟರ್ ಆಯೋಗ ಇನ್ನಷ್ಟು ಕಾಲ ಬೇಕೆಂದು ಅದನ್ನು ತಡೆಹಿಡಿಯಿತು. ಒಂದು ವರ್ಷ ತಡವಾಗಿ, 2021ರ ನವೆಂಬರ್ 2ರಂದು ಪ್ರಶ್ನೆ ಜನರ ಮುಂದೆ ಬಂತು: ಪೊಲೀಸ್ ಇಲಾಖೆಯ ಬದಲು ಸಾರ್ವಜನಿಕ ಸುರಕ್ಷತಾ ಇಲಾಖೆ ಇರಲೇ, ಕನಿಷ್ಠ ಸಂಖ್ಯೆಯ ನಿಯಮ ತೆಗೆಯಲೇ? ಸುಮಾರು ನೂರಕ್ಕೆ ಐವತ್ತಾರು ಮಂದಿ ಬೇಡ ಎಂದರು.

ಬೇಡ ಎಂದವರ ಮೇಲೆ ನನಗೆ ಸಿಟ್ಟಿಲ್ಲ. ಭಯಕ್ಕೆ ಒಂದು ದೂರವಾಣಿ ಸಂಖ್ಯೆ ಬೇಕು. ಅಮೆರಿಕದಲ್ಲಿ ಅದು 911. ಮನೆಗೆ ಬೆಂಕಿ ಬಿದ್ದರೂ ಅದೇ, ಗಂಡ ಹೊಡೆದರೂ ಅದೇ, ಪಕ್ಕದ ಮನೆಯಲ್ಲಿ ಯಾರೋ ಒಂಟಿಯಾಗಿ ಅರಚುತ್ತಿದ್ದರೂ ಅದೇ, ನೋಟು ಖೋಟಾ ಎಂಬ ಅನುಮಾನಕ್ಕೂ ಅದೇ. ಬೆಂಕಿ, ಕಾಯಿಲೆ ಬಿಟ್ಟು ಉಳಿದೆಲ್ಲದಕ್ಕೂ ಬಹುಮಟ್ಟಿಗೆ ಬರುವವನು ಸೊಂಟದಲ್ಲಿ ಪಿಸ್ತೂಲು ಇರುವ ಒಬ್ಬನೇ. ಇದು ಪೊಲೀಸರಿಗೂ ಒಳ್ಳೆಯದಲ್ಲ. 2017ರ ಜುಲೈ 15ರ ರಾತ್ರಿ ಅದೇ ನಗರದಲ್ಲಿ ಜಸ್ಟಿನ್ ರಸ್ಚಿಕ್ ಎಂಬ ಮಹಿಳೆ, ಮನೆಯ ಹಿಂದಿನ ಓಣಿಯಲ್ಲಿ ಯಾವಳೋ ಹೆಂಗಸಿಗೆ ಅಪಾಯವಾಗುತ್ತಿರಬಹುದೆಂದು 911ಕ್ಕೆ ಕರೆ ಮಾಡಿದರು. ಬಂದ ಪೊಲೀಸ್ ಅಧಿಕಾರಿ ಕಾರಿನೊಳಗಿಂದಲೇ ಗುಂಡು ಹಾರಿಸಿ ಕೊಂದದ್ದು ಕರೆ ಮಾಡಿದ ಅವರನ್ನೇ. ಇನ್ನೊಬ್ಬಳ ಭಯವನ್ನು ತನ್ನದೆಂದುಕೊಂಡದ್ದಷ್ಟೇ ಆಕೆ ಮಾಡಿದ್ದು.

ಆದ್ದರಿಂದ ಹಣ ಕಡಿಯಿರಿ ಎಂಬ ಮಾತಿಗಿಂತ, ಆ ರಾತ್ರಿಗಳ ಆಕ್ಷೇಪಣೆಗಳಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಹಣ ಬೇರೆ ಮಾಡಿ ಎಂಬುದು. ಎಲ್ಲ ಭಯಕ್ಕೂ ಒಬ್ಬನನ್ನೇ ಕಳಿಸಬೇಡಿ. ಇದು ಬಾಯಿಮಾತಾಗಿ ಉಳಿಯಲಿಲ್ಲ. 2021ರ ಡಿಸೆಂಬರಿನಿಂದ ಮಾನಸಿಕ ಸಂಕಟದ ಕೆಲವು ಕರೆಗಳಿಗೆ ಆ ನಗರದಲ್ಲಿ ಶಸ್ತ್ರವಿಲ್ಲದ ಮಾನಸಿಕ ಆರೋಗ್ಯ ತಂಡಗಳು ಹೋಗತೊಡಗಿದವು. ಆರೆಗನ್ ರಾಜ್ಯದ ಯೂಜೀನ್ ಊರಿನಲ್ಲಿ ಇಂಥ ವ್ಯವಸ್ಥೆ 1989ರಷ್ಟು ಹಿಂದೆಯೇ ಶುರುವಾಗಿ ದೇಶಕ್ಕೆಲ್ಲ ಮಾದರಿ ಎನ್ನಿಸಿಕೊಂಡಿತ್ತು. 2025ರಲ್ಲಿ ಅದೇ ಊರಿನಲ್ಲಿ ಅದು ನಿಂತುಹೋಯಿತು. ಒಳ್ಳೆಯದೆಂದು ಎಲ್ಲರೂ ಹೊಗಳಿದ್ದೂ ಬಜೆಟ್ಟಿನ ಒಂದು ಸಾಲಾಗಿ ಪ್ರತಿವರ್ಷ ಬದುಕಿ ಉಳಿಯಬೇಕು. ಅದನ್ನು ಕಾಪಾಡಲು 0.0017ರಂಥ ಸಂಖ್ಯೆಯನ್ನು ಯಾರೂ ಬರೆದಿಟ್ಟಿಲ್ಲ.

ಇದನ್ನು ಓದುವ ಬೆಂಗಳೂರಿನವರಿಗೆ ಒಂದು ಸಂಗತಿ ವಿಚಿತ್ರವಾಗಿ ಕಾಣಬೇಕು. ಅವರ ಪಾಲಿಕೆಯ ಬಜೆಟ್ಟಿನಲ್ಲಿ ಈ ಸಾಲೇ ಇಲ್ಲ. ನಮ್ಮ ಸಂವಿಧಾನದಲ್ಲಿ ಪೊಲೀಸ್ ರಾಜ್ಯದ ವಿಷಯ. ಹಣ ವಿಧಾನಸೌಧದಲ್ಲಿ ಗೃಹ ಇಲಾಖೆಯ ಬೇಡಿಕೆಯಾಗಿ ಮಂಜೂರಾಗುತ್ತದೆ. ಬೀದಿಯ ಠಾಣೆಗೆ ಎಷ್ಟು, ಯಾವುದಕ್ಕೆ ಎಂದು ವಾರ್ಡಿನವರನ್ನು ಕೇಳುವ ಪದ್ಧತಿ ಇಲ್ಲ. ಮಿನಿಯಾಪೊಲಿಸ್‌ನವರು ಫೋನ್ ಹಿಡಿದು ಕೂತಿದ್ದ ಆ ಡಿಸೆಂಬರಿಗೆ ಸ್ವಲ್ಪ ಮೊದಲು, ಸೆಪ್ಟೆಂಬರಿನಲ್ಲಿ, ಬೆಂಗಳೂರು ಪಾಲಿಕೆಯ ಕಾರ್ಪೊರೇಟರುಗಳ ಅವಧಿ ಮುಗಿದಿತ್ತು. ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ, ಬಜೆಟ್ಟುಗಳನ್ನು ಅಧಿಕಾರಿಗಳೇ ಮಂಡಿಸಿಕೊಂಡರು.

ಒಂದು ಕಾಲದಲ್ಲಿ ನಮ್ಮ ಹಳ್ಳಿಯವರು ಪೊಲೀಸರ ಖರ್ಚನ್ನು ನೇರವಾಗಿ ಹೊತ್ತದ್ದುಂಟು, ಶಿಕ್ಷೆಯಾಗಿ. 1861ರ ಪೊಲೀಸ್ ಕಾಯಿದೆಯ ಪ್ರಕಾರ, ಗಲಭೆಯ ಊರೆಂದು ಸರ್ಕಾರ ಸಾರಿದ ಕಡೆ ಹೆಚ್ಚುವರಿ ಪೊಲೀಸರನ್ನು ತಂದಿಳಿಸಿ ಅವರ ವೆಚ್ಚವನ್ನು ಆ ಊರಿನವರಿಂದಲೇ ವಸೂಲು ಮಾಡಬಹುದಿತ್ತು. ಸ್ವಾತಂತ್ರ್ಯ ಚಳವಳಿಯ ಕಾಲದ ಕನ್ನಡದಲ್ಲಿ ಇಂಥ ದಂಡಕ್ಕೆ ಪುಂಡುಗಂದಾಯ ಎಂಬ ಹೆಸರಿತ್ತು. ಕಾವಲು ಬಂದದ್ದು ಯಾರಿಂದ ಯಾರನ್ನು ಕಾಯಲು ಎಂಬುದರಲ್ಲಿ ಆಗ ಯಾರಿಗೂ ಸಂಶಯವಿರಲಿಲ್ಲ. ಅಮೆರಿಕದ ಕಪ್ಪು ಬಡಾವಣೆಯ ಒಬ್ಬ ಮುದುಕ ಪೊಲೀಸ್ ಬಜೆಟ್ಟನ್ನು ನೋಡುವಾಗ ಅವನ ಕಣ್ಣಿನಲ್ಲಿ ಅದು ಪುಂಡುಗಂದಾಯದ ಬಣ್ಣ ತಾಳಿದರೆ ನಮಗೆ ಅರ್ಥವಾಗಬೇಕು. ಮಿನಿಯಾಪೊಲಿಸ್‌ನ ಸುತ್ತ ಇರುವ ಕನ್ನಡಿಗರಲ್ಲಿ ಹಲವರು ಈಡನ್ ಪ್ರೇರಿ, ಪ್ಲಿಮತ್‌ನಂಥ ಹೊರವಲಯದ ಊರುಗಳಲ್ಲಿ ಮನೆ ಮಾಡಿದವರು. ಊರು ಯಾವುದೆಂದು ಕೇಳಿದರೆ ಮಿನಿಯಾಪೊಲಿಸ್ ಎನ್ನುತ್ತಾರೆ, ಆದರೆ ಅವರ ಕೌನ್ಸಿಲ್ ಬೇರೆ, ಪೊಲೀಸರು ಬೇರೆ, ತೆರಿಗೆ ಬೇರೆ. ಅವರಿಗೂ ಈ ಪಾಲು ತಲುಪುತ್ತದೆಯೇ? ನಗರದ ಸಂಬಳ ತಂದು ಹೊರವಲಯದಲ್ಲಿ ಉಣ್ಣುವವರ ಪಾಪದ ಲೆಕ್ಕವನ್ನು ಯಾವ ಸ್ಮೃತಿಯೂ ಬರೆದಂತಿಲ್ಲ.

ಮುಂದೆ ಆದದ್ದು ಎರಡೂ ಕಡೆಯ ಆಕ್ಷೇಪಣೆಗಳನ್ನು ಅಣಕಿಸುವಂತಿದೆ. ಜನ ಪೊಲೀಸ್ ಇಲಾಖೆ ಇರಲಿ ಎಂದರು. ಕೋರ್ಟು 731 ಇರಲೇಬೇಕು ಎಂದಿತು. ಹಣ ಮಂಜೂರಾಯಿತು. ಪೊಲೀಸರು ಬರಲಿಲ್ಲ. ಸುಮಾರು ಒಂಬೈನೂರು ಇದ್ದ ಬಲ ಆರುನೂರಕ್ಕಿಂತ ಕೆಳಗೆ ಇಳಿಯಿತು, ವೆಚ್ಚ ಮಾತ್ರ 20 ಕೋಟಿ ಡಾಲರ್ ದಾಟಿತು. 2024ರ ಜುಲೈಯಲ್ಲಿ ಕೌನ್ಸಿಲ್ ಒಪ್ಪಿದ ಕರಾರಿನಂತೆ ಮೂರು ವರ್ಷದ ಅವಧಿಗೆ ಪೊಲೀಸರ ಸಂಬಳ ನೂರಕ್ಕೆ 21.7ರಷ್ಟು ಏರಿತು. ಕಡಿಮೆ ಕೊಡಿ ಎಂದವರಿಂದ ಹೆಚ್ಚು ಹೋಯಿತು, ಹೆಚ್ಚು ಜನ ಕೊಡಿ ಎಂದವರಿಗೆ ಕಡಿಮೆ ಜನ ಸಿಕ್ಕಿದರು. ಮನುಷ್ಯರನ್ನು ಶಾಸನದಿಂದಾಗಲಿ ತೀರ್ಪಿನಿಂದಾಗಲಿ ಸಮವಸ್ತ್ರದೊಳಗೆ ತುಂಬಲು ಬರುವುದಿಲ್ಲ ಎಂಬುದು ಗೊತ್ತಿದ್ದದ್ದೇ. ಇನ್ನೊಂದು ಕಡೆ, 2022ರಲ್ಲಿ ರಾಜ್ಯದ ಮಾನವ ಹಕ್ಕುಗಳ ಇಲಾಖೆ, 2023ರಲ್ಲಿ ಕೇಂದ್ರದ ನ್ಯಾಯ ಇಲಾಖೆ ಈ ಪೊಲೀಸರಲ್ಲಿ ಜನಾಂಗ ತಾರತಮ್ಯ ರೂಢಿಯಾಗಿದೆಯೆಂದು ದಾಖಲಿಸಿದವು. ರಾಜ್ಯದ ಜೊತೆ ಒಪ್ಪಂದವಾಗಿ ಸುಧಾರಣೆ ಶುರುವಾಯಿತು. ಸುಧಾರಣೆಯ ಮೇಲೆ ಕಣ್ಣಿಡುವವರ ಸಂಬಳವೂ ನಗರದ ಜೇಬಿನದೇ.

ದೋಚುವವನ ಪ್ರಶ್ನೆಯನ್ನು ಮಿನಿಯಾಪೊಲಿಸ್‌ನ ಕೆಲವರು ಫ್ಲಾಯ್ಡ್ ಸಾಯುವ ನಾಲ್ಕು ವರ್ಷ ಮೊದಲೇ ಇನ್ನೊಂದು ರೀತಿಯಲ್ಲಿ ಕೇಳಿದ್ದರು. ವೈದ್ಯರು ಮಾಡಿಸುವಂತೆ ಪ್ರತಿಯೊಬ್ಬ ಪೊಲೀಸನೂ ತನ್ನ ಹೆಸರಿನಲ್ಲಿ ವೃತ್ತಿವಿಮೆ ಮಾಡಿಸಬೇಕು. ಮೂಲ ಕಂತನ್ನು ನಗರ ಕಟ್ಟಲಿ, ದುರ್ವರ್ತನೆಯಿಂದ ಕಂತು ಏರಿದರೆ ಏರಿದ್ದನ್ನು ಅವನೇ ಕಟ್ಟಲಿ ಎಂದು. ಸಾವಿರಾರು ಸಹಿ ಸಂಗ್ರಹಿಸಿ 2016ರಲ್ಲಿ ಅದನ್ನು ಜನಮತಕ್ಕೆ ಹಾಕಿ ಎಂದು ಕೇಳಿದರು. ಕರ್ಮ ಮಾಡಿದವನಿಗೇ ಅದರ ಪಾಲು ಮರಳಿಸುವ ಯತ್ನವದು. ಕೌನ್ಸಿಲ್ ಒಪ್ಪಲಿಲ್ಲ, ರಾಜ್ಯದ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಕೆಲಸದ ಮೇಲಿದ್ದಾಗ ನೌಕರ ಮಾಡಿದ್ದಕ್ಕೆ ನಗರವೇ ಹೊಣೆ ಹೊರಬೇಕೆಂಬ ರಾಜ್ಯದ ಕಾನೂನಿಗೆ ಅದು ವಿರುದ್ಧವಾಗುತ್ತದೆ ಎಂದಿತು ಕೋರ್ಟು. ಅಂದರೆ ಆ ಕಥೆಯ ಮನೆಯವರು ಕೊಟ್ಟ ಉತ್ತರ ಮಿನೆಸೋಟದಲ್ಲಿ ನಡೆಯುವುದಿಲ್ಲ. ಪಾಲು ಬೇಡ ಎನ್ನುವ ಸ್ವಾತಂತ್ರ್ಯ ಅಲ್ಲಿನ ತೆರಿಗೆದಾರನಿಗೆ ಇಲ್ಲ, ಫೋನ್ ಮಾಡಿದವನಿಗೂ ಮಾಡದವನಿಗೂ.

ರಸ್ಚಿಕ್ ಅವರ ಕುಟುಂಬಕ್ಕೆ 2019ರಲ್ಲಿ ನಗರ ಕೊಟ್ಟ ಪರಿಹಾರ 2 ಕೋಟಿ ಡಾಲರ್. ಫ್ಲಾಯ್ಡ್ ಕುಟುಂಬಕ್ಕೆ 2021ರ ಮಾರ್ಚಿನಲ್ಲಿ 2.7 ಕೋಟಿ. ಎರಡೂ ಸೇರಿದರೆ ಆ ಡಿಸೆಂಬರಿನ ರಾತ್ರಿ ಇಡೀ ಊರು ಜಗ್ಗಾಡಿದ 80 ಲಕ್ಷದ ಸುಮಾರು ಆರು ಪಟ್ಟು. ಈ ಹಣ ಪೊಲೀಸ್ ಇಲಾಖೆಯ ಸಾಲಿನಲ್ಲಿ ಕಾಣಿಸುವುದಿಲ್ಲ. ನಗರ ತನಗೆ ತಾನೇ ವಿಮೆಯೆಂದು ತೆಗೆದಿಡುವ ಬೇರೊಂದು ನಿಧಿಯಿಂದ ಹೋಗುತ್ತದೆ. ಫ್ಲಾಯ್ಡ್ ಪರಿಹಾರವನ್ನು ಕೌನ್ಸಿಲ್ ಗುಪ್ತ ಸಭೆಯಲ್ಲಿ ಚರ್ಚಿಸಿ ಆಮೇಲೆ ಸರ್ವಾನುಮತದಿಂದ ಅಂಗೀಕರಿಸಿತು. ಅದಕ್ಕೆ ಮೊದಲು ಯಾರ ಮನೆಗೂ ನೋಟಿಸು ಬರಲಿಲ್ಲ, ಸಂಜೆ ಆರರ ನಂತರದ ಸಭೆಯೂ ಇರಲಿಲ್ಲ.